ಆಯಿಯ ಸೀರೆಯಿಂದ ನನ್ನ ಜಾಕೆಟ್

ಹಳೇ ಬಾಗಲಕೋಟೆಯ ನಮ್ಮ ಮನೆ ಮುಳುಗಡೆಯಲ್ಲಿ ಹೋಯಿತು. ಆಲಮಟ್ಟಿಯ ಹಿನ್ನೀರು ಬರುವ ಮೊದಲೇ ಸಾಮಾನು ಕಟ್ಟಿಕೊಂಡು ನವನಗರಕ್ಕೆ ಬಂದೆವು. ಆಗ ಬಂದ ಟ್ರಂಕಿನಲ್ಲಿ ಆಯಿಯ, ಅಂದರೆ ನಮ್ಮಜ್ಜಿಯ, ಇಳಕಲ್ ಸೀರೆಯೊಂದಿತ್ತು. ಕಪ್ಪು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ತೆನಿ ಎನ್ನುವ ಬಿಳಿ ಚಿತ್ತಾರ. ಮಡಿಕೆ ಬಿದ್ದ ಕಡೆಯೆಲ್ಲ ಹರಿದಿತ್ತು. "ಕೌದಿಗೆ ಹಾಕಿಬಿಡ ತಗೋ" ಅಂದಳು ಅವ್ವ. ಕೌದಿ ಅಂದರೆ ಹಳೇ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ. ನನಗೆ ಮಾತ್ರ ಅದನ್ನು ತೊಟ್ಟುಕೊಂಡು ಊರೆಲ್ಲ ತಿರುಗಬೇಕು ಅನ್ನಿಸಿತು. ಹಾಗಾಗಿ ಜಾಕೆಟ್.

ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲೆಲ್ಲಿ ಸವೆದಿದೆ ಎಂದು ಚಾಕ್‌ಪೀಸಿನಲ್ಲಿ ಗುರುತು ಮಾಡಿದೆ. ಗಟ್ಟಿ ಭಾಗ ಮುಂದಕ್ಕೆ, ಸವೆದದ್ದು ಬೆನ್ನಿಗೆ. ಬೆನ್ನಿಗೆ ಒಳಗೊಂದು ಹಳೇ ಧೋತರದ ಪದರ ಕೊಟ್ಟು ಕೌದಿಯ ಹಾಗೆ ಉದ್ದುದ್ದ ಹೊಲಿಗೆ ಹಾಕಿದರೆ ಸವೆದ ಬಟ್ಟೆಯೂ ನಿಲ್ಲುತ್ತದೆ. ಕೌದಿಗೆ ಹಾಕುವಷ್ಟು ಪದರ ಜಾಕೆಟ್‌ಗೆ ಬೇಡ. ಎರಡೇ ಸಾಕು, ಇಲ್ಲದಿದ್ದರೆ ಕಂಕುಳಲ್ಲಿ ಸೆಟೆದುಕೊಳ್ಳುತ್ತದೆ.

ಇಳಕಲ್ ಸೀರೆಯ ಒಡಲು, ಸೆರಗು ಎರಡಕ್ಕೂ ಬೇರೆ ಬೇರೆ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳು. ಮಗ್ಗದ ಮೇಲೆಯೇ ಒಂದೊಂದು ಎಳೆಗೂ ಕೊಂಡಿ ಹಾಕಿ ಅವೆರಡನ್ನೂ ಜೋಡಿಸುತ್ತಾರೆ. ಬೆರಳಾಡಿಸಿದರೆ ಆ ಕೂಡುಗೆರೆ ಸಣ್ಣಗೆ ತಾಗುತ್ತದೆ. ಅದು ಸರಿಯಾಗಿ ನನ್ನ ಭುಜದ ಕೆಳಗೆ ಅಡ್ಡ ಬರುವ ಹಾಗೆ ಕತ್ತರಿಸಿದೆ. ಮೇಲೆ ಕೆಂಪು, ಕೆಳಗೆ ಕಪ್ಪು. ಆ ಗೆರೆಯ ಮೇಲೆ ಒಂದು ಹೊಲಿಗೆಯನ್ನೂ ದಾಟಿಸಲಿಲ್ಲ.

ಕೊರಳಪಟ್ಟಿಗೆ ಗುಳೇದಗುಡ್ಡದ ಖಣ, ಅಂದರೆ ರವಿಕೆ ಬಟ್ಟೆ, ತಂದೆ. ಇಲ್ಲಿಯೇ ಎಡವಿದ್ದು. ಹೊಸ ಖಣವನ್ನು ನೆನೆಸದೆ, ಸುಮ್ನೆ ಹಾಗೇ ಹೊಲಿದುಬಿಟ್ಟೆ. ಸೀರೆ ಎಷ್ಟೋ ವರ್ಷ ಒಗೆದದ್ದು, ಇನ್ನು ಕುಗ್ಗುವಂಥದ್ದೇನೂ ಅದರಲ್ಲಿ ಉಳಿದಿರಲಿಲ್ಲ. ಖಣ ಮೊದಲ ಒಗೆತಕ್ಕೇ ಕುಗ್ಗಿತು. ಕೊರಳೆಲ್ಲ ಮುದುಡಿತು, ಖಣದ ಕೆಂಪು ಇಳಿದು ಬಿಳಿ ತೆನಿಯ ಒಂದು ತುದಿ ಗುಲಾಬಿಯಾಯಿತು. ಆಯಿಯ ಸೀರೆ ಅಲ್ವಾ, ಅವತ್ತು ಬಹಳ ಅತ್ತೆ. ಪಟ್ಟಿ ಬಿಚ್ಚಿ, ಇನ್ನೊಂದು ಖಣವನ್ನು ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಹಚ್ಚಿದೆ. ಗುಲಾಬಿ ಕಲೆ ಹೋಗಿಲ್ಲ.

ಮುಂಭಾಗಕ್ಕೆ ಒಂದೇ ಪದರ ಇಟ್ಟೆ, ಅಲ್ಲಿ ಕಸೂತಿ ಬರಬೇಕಿತ್ತು. ಕಸೂತಿಯ ಗವಂತಿ ಎಂಬ ಹೊಲಿಗೆ ಎರಡೂ ಮಗ್ಗುಲು ಒಂದೇ ತರಹ ಕಾಣುತ್ತದೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಜಾಕೆಟ್ ತೆರೆದರೂ ಚಿತ್ತಾರ ಕಾಣಲಿ ಎಂಬುದು ನನ್ನ ಆಸೆ. ಬಟ್ಟೆಯ ಮೇಲೆ ಗೀಚಿಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹೋಗಬೇಕು. ನಾನು ನಾಲ್ಕು ಎಳೆಗೆ ಒಂದು ಹೊಲಿಗೆ ಹಿಡಿದೆ. ಕಪ್ಪಿನ ಮೇಲೆ ಎಣಿಸುವುದು ಕಣ್ಣಿಗೆ ತ್ರಾಸು. ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು, ಬೆಳಗಿನ ಬಿಸಿಲಲ್ಲಿ ಕೂತರೆ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ.

ತುಳಸಿಕಟ್ಟೆ ಕಸೂತಿಯಲ್ಲಿ ಹಳೆಯ ಚಿತ್ತಾರ. ಎರಡೂ ಬದಿ ಸಮ ಇರುತ್ತದೆ. ಆದರೆ ನಮ್ಮ ಹಳೇ ಮನೆಯ ಕಟ್ಟೆಯ ಎಡ ಮೂಲೆ ಒಡೆದಿತ್ತು. ಆಯಿ ಅಲ್ಲಿಯೇ ದೀಪದ ಬತ್ತಿ ಇಡುತ್ತಿದ್ದಳು. ಗ್ರಾಫ್ ಹಾಳೆಯಲ್ಲಿ ಚೌಕ ಎಣಿಸಿ, ಆ ಮೂಲೆಯನ್ನು ಹಾಗೆಯೇ ಒಡೆದೇ ಬರೆದುಕೊಂಡೆ. ಕಾಕು, ಅಂದರೆ ನಮ್ಮ ಚಿಕ್ಕಮ್ಮ, ನೋಡಿ, "ಎಣಿಕಿ ತಪ್ಪೇತಿ ನೋಡವಾ" ಅಂದರು. "ಇಲ್ಲ ಕಾಕು, ನಮ್ಮ ಕಟ್ಟಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಟ್ಟೆ ತಿರುಗಿಸಿ, ಹಿಂದೆ ನಾನು ಹಾಕಿದ್ದ ಗಂಟು ತೋರಿಸಿ, "ಇದನ್ನ ಮಾತ್ರ ಬಿಚ್ಚು" ಅಂದರು.

ಬಿಚ್ಚಿದೆ. ಕಸೂತಿಯಲ್ಲಿ ಗಂಟು ಹಾಕಬಾರದು. ದಾರದ ತುದಿಯನ್ನು ಸ್ವಲ್ಪ ಬಿಟ್ಟು ಶುರು ಮಾಡಿ, ಕೊನೆಗೆ ಹೊಲಿಗೆಗಳ ಅಡಿಯಲ್ಲೇ ಅದನ್ನು ನುಸುಳಿಸಬೇಕು. ಒಂದೇ ಕಟ್ಟೆಗೆ ನನಗೆ ಹನ್ನೊಂದು ಬೆಳಗು ಹಿಡಿದವು.

ಈಗ ಬಲಭಾಗದಲ್ಲಿ ಅಂಗಳದ ಬೇವಿನ ಗಿಡ ಹಾಕುತ್ತಿದ್ದೇನೆ. ಅದರ ಟೊಂಗೆ ಯಾವ ಕಡೆ ಬಾಗಿತ್ತು ಎಂದು ಅವ್ವನಿಗೂ ಕಾಕುಗೂ ಇನ್ನೂ ವಾದ ನಡೆದಿದೆ.