ಚಳಿಮಳೆಯ ಚಾರಣಕ್ಕೆ ಬೆನ್ನುಚೀಲ ತುಂಬುವುದು ಹೇಗೆ?

ಸೊನ್ನೆಗಿಂತ ಕೆಳಗಿನ ಒಣ ಚಳಿಗಿಂತ, ಐದಾರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡದೆ ಸುರಿಯುವ ಜಿಟಿಜಿಟಿ ಮಳೆಯೇ ಚಾರಣಿಗರನ್ನು ಹೆಚ್ಚು ಕಂಗೆಡಿಸುತ್ತದೆ. ಬಟ್ಟೆಯ ಮೇಲೆ ಬಿದ್ದ ಒಣ ಹಿಮವನ್ನು ಕೊಡವಬಹುದು, ಮಳೆನೀರು ಮಾತ್ರ ಒಳಗಿಳಿದು ಮೈಗಂಟುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ತೊಯ್ದವರ ಮೈ ಬಹುಬೇಗ ತಣ್ಣಗಾಗುತ್ತದೆ. ದೇಹದೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದೇ ಹೈಪೋಥರ್ಮಿಯಾ. ಊರು, ರಸ್ತೆಗಳಿಂದ ದೂರ ಹಲವು ದಿನ ನಡೆಯುವವರು ಚೀಲ ತುಂಬುವ ಮೊದಲು, ಹೊತ್ತದ್ದೆಲ್ಲ ನೆನೆದ ಸಂಜೆಯಲ್ಲೂ ಯಾವುದು ಒಣಗಿ ಉಳಿಯಬೇಕು ಎಂಬುದನ್ನು ನಿರ್ಧರಿಸಬೇಕು.

ರಾತ್ರಿಗೆಂದೇ ಮೀಸಲಿಡುವ ಒಣ ಬಟ್ಟೆಯ ಜೊತೆಯಿಂದಲೇ ಕೆಲಸ ಆರಂಭಿಸಿ. ಒಂದು ಉಣ್ಣೆಯ ಒಳಅಂಗಿ, ಒಂದು ಒಳಪೈಜಾಮ, ದಪ್ಪನೆಯ ಕಾಲುಚೀಲ, ಟೋಪಿ, ಇವಿಷ್ಟನ್ನು ನೀರು ಹೋಗದ ಚೀಲದಲ್ಲಿ ಕಟ್ಟಿ, ಟೆಂಟಿನೊಳಗೆ ಮಲಗುವಾಗಲಷ್ಟೇ ತೆಗೆಯಬೇಕು. ಬೆಳಿಗ್ಗೆ ಎದ್ದೊಡನೆ ಅವನ್ನು ಕಳಚಿಟ್ಟು, ನಿನ್ನೆಯ ಒದ್ದೆ ಬಟ್ಟೆಯನ್ನೇ ಮತ್ತೆ ಧರಿಸುವುದು ಕಷ್ಟದ ಕೆಲಸ. ಆದರೆ ನಡೆಯತೊಡಗಿದ ಸ್ವಲ್ಪ ಹೊತ್ತಿನಲ್ಲೇ ಮೈ ಬಿಸಿಯೇರುತ್ತದೆ, ಒಣ ಜೊತೆ ರಾತ್ರಿಗೆ ಭದ್ರವಾಗಿರುತ್ತದೆ. ಈ ನಿಯಮವನ್ನು ಒಂದು ದಿನವೂ ಸಡಿಲಿಸಬಾರದು.

ಹಗಲಿನ ಉಡುಪಿನಲ್ಲಿ ಹತ್ತಿಗೆ ಜಾಗವಿಲ್ಲ. ಜೀನ್ಸ್ ಅಂತೂ ನೀರು ಕುಡಿದು ಭಾರವಾಗಿ, ದಿನವಿಡೀ ಒಣಗದೆ ತೊಡೆಗೆ ಅಂಟಿಕೊಂಡಿರುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಪಾಲಿಯೆಸ್ಟರ್ ನೀರನ್ನು ಹೀರುವುದೇ ಕಡಿಮೆಯಾದ್ದರಿಂದ ಹಿಂಡಿ ಕೊಡವಿದರೆ ಬೇಗ ಒಣಗುತ್ತದೆ. ಮೈಗೆ ತಾಗುವ ತೆಳುವಾದ ಪದರ, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಸಿಂಥೆಟಿಕ್ ಬಟ್ಟೆಯ ಬೆಚ್ಚನೆ ಅಂಗಿ, ಎಲ್ಲಕ್ಕಿಂತ ಹೊರಗೆ ಮಳೆ ಜಾಕೆಟ್ ಮತ್ತು ಮಳೆ ಪ್ಯಾಂಟ್ ಇರಲಿ. ಕಂಕುಳಲ್ಲಿ ಜಿಪ್ ಇರುವ ಜಾಕೆಟ್ ಮೇಲು, ಏಕೆಂದರೆ ಏರುದಾರಿಯಲ್ಲಿ ಬೆವರು ಕೂಡ ಒಳಗಿನಿಂದ ಮಳೆಯಷ್ಟೇ ತೋಯಿಸುತ್ತದೆ. ಹಕ್ಕಿಯ ಪುಕ್ಕ ತುಂಬಿದ ಜಾಕೆಟ್ ಹಗುರ ಮತ್ತು ಬೆಚ್ಚಗೆ, ನಿಜ. ಆದರೆ ನೆನೆದ ಪುಕ್ಕ ಮುದ್ದೆಯಾಗಿ ಬಿಸಿ ಹಿಡಿಯುವ ಗುಣವನ್ನು ಕಳೆದುಕೊಳ್ಳುವುದರಿಂದ, ಇಂತಹ ಹವೆಗೆ ಸಿಂಥೆಟಿಕ್ ತುಂಬಿದ್ದನ್ನೇ ನಾನು ಆರಿಸುತ್ತೇನೆ.

ಕಾಲುಚೀಲ ಮೂರು ಜೊತೆ, ಕೈಗವಸು ಎರಡು ಜೊತೆ ಬೇಕು.

ಇನ್ನು ತುಂಬುವ ಕ್ರಮ. ಚೀಲದ ಹೊರಗೆ ಹೊದಿಸುವ ಮಳೆಕವಚವೊಂದನ್ನೇ ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ. ಕವಚ ಬೆನ್ನಿನ ಬದಿಯನ್ನು ಮುಚ್ಚುವುದಿಲ್ಲ. ಕತ್ತಿನಿಂದ ಇಳಿದ ನೀರು ಪಟ್ಟಿಗಳ ಹೊಲಿಗೆಯಲ್ಲಿ ಜಿನುಗಿ ತಳದಲ್ಲಿ ನಿಂತು, ರಾತ್ರಿ ಸ್ಲೀಪಿಂಗ್ ಬ್ಯಾಗ್ ಬಿಚ್ಚಿದಾಗ ಪಾದದ ಭಾಗವಿಡೀ ತೊಪ್ಪೆಯಾಗಿತ್ತು. ಆದ್ದರಿಂದ ಬೆನ್ನುಚೀಲದ ಒಳಗೇ ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಹರಡಿ, ತಳಕ್ಕೆ ಸ್ಲೀಪಿಂಗ್ ಬ್ಯಾಗ್, ಅದರ ಮೇಲೆ ಒಣ ಜೊತೆ, ನಡುವೆ ಬೆನ್ನಿಗೆ ಒತ್ತಿದಂತೆ ಭಾರದ ಆಹಾರವನ್ನು ಇಡಿ. ಬಳಿಕ ಗಾಳಿ ಹೊರದೂಡಿ, ಬಾಯಿಯನ್ನು ಹುರಿಯಂತೆ ತಿರುಚಿ, ಮಡಚಿ ಕಟ್ಟಿ. ಟೆಂಟ್ ಮರುದಿನ ಒದ್ದೆಯಾಗಿಯೇ ಚೀಲ ಸೇರುವುದರಿಂದ ಅದರ ಸ್ಥಾನ ಈ ಪ್ಲಾಸ್ಟಿಕ್ಕಿನ ಹೊರಗೆ. ಮಳೆ ಜಾಕೆಟ್ ಎಲ್ಲಕ್ಕಿಂತ ಮೇಲಿರಲಿ, ಮೊದಲ ಹನಿಗೇ ಕೈಗೆ ಸಿಗಬೇಕು.

ಲೈಟರ್ ಮತ್ತು ಬೆಂಕಿಪೊಟ್ಟಣವನ್ನು ಒಂದೇ ಕಡೆ ಇಡದೆ, ಜೇಬು, ಅಡುಗೆ ಪಾತ್ರೆ, ಒಣ ಚೀಲ ಹೀಗೆ ಮೂರು ಕಡೆ ಹಂಚಿಡಬೇಕು. ಬರೀ ಬ್ಯುಟೇನ್ ತುಂಬಿದ ಗ್ಯಾಸ್ ಡಬ್ಬಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ಉರಿಯದು, ಐಸೊಬ್ಯುಟೇನ್ ಮತ್ತು ಪ್ರೊಪೇನ್ ಬೆರೆತದ್ದನ್ನು ಕೊಳ್ಳಿ. ಚಳಿಗೆ ಬ್ಯಾಟರಿಗಳು ಕುಗ್ಗುವುದರಿಂದ ರಾತ್ರಿ ಫೋನ್ ಮತ್ತು ತಲೆದೀಪವನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ.

ಹೊರಡುವ ಹಿಂದಿನ ದಿನ ಒಂದು ಪರೀಕ್ಷೆ ಮಾಡಿ. ತುಂಬಿದ ಚೀಲವನ್ನು ಬಚ್ಚಲಲ್ಲಿ ಶವರಿನ ಕೆಳಗೆ ಹತ್ತು ನಿಮಿಷ ನಿಲ್ಲಿಸಿ, ಅಷ್ಟು ಹೊತ್ತೂ ನಿಮ್ಮ ಎರಡೂ ಕೈಗಳನ್ನು ತಣ್ಣೀರಿನಲ್ಲಿ ಅದ್ದಿಕೊಂಡಿರಿ. ಬಳಿಕ ಆ ಮರಗಟ್ಟಿದ ಬೆರಳುಗಳಿಂದಲೇ ಬಕಲ್ ತೆಗೆದು, ಗಂಟು ಬಿಚ್ಚಿ, ಒಣ ಜೊತೆಯನ್ನು ಹೊರತೆಗೆಯಿರಿ. ಬಿಚ್ಚಲಾಗದ ಗಂಟು ಇದ್ದರೆ ಅದನ್ನು ಅಂದೇ ಬದಲಿಸಿ.