ಲೀಡ್ಸ್ ಟೌನ್ ಹಾಲ್ ಅಳೆದು ಬರೆದದ್ದು: ನನ್ನ ಅನುಭವ

ಇಂಗ್ಲೆಂಡಿನ ಲೀಡ್ಸ್ ಟೌನ್ ಹಾಲಿನ ದಕ್ಷಿಣ ಮುಖವನ್ನು 1:200 ಅಳತೆಯಲ್ಲಿ ಎ2 ಹಾಳೆಗೆ ಇಳಿಸಿದೆ. ಗೋಪುರ 225 ಅಡಿ, ಅಂದರೆ 68.6 ಮೀಟರ್, ಹಾಳೆಯಲ್ಲಿ 34.3 ಸೆಂ.ಮೀ. ಎತ್ತರ ಮೊದಲೇ ಗೊತ್ತಿದ್ದದ್ದು ಒಳ್ಳೆಯದೇ ಆಯಿತು. ಅಳತೆ ತಪ್ಪಿದರೆ ಕೂಡಲೇ ಸಿಕ್ಕಿಬೀಳುತ್ತದೆ.

ಮೊಬೈಲಿನ ಕೋನಮಾಪಕದಲ್ಲಿ ತುದಿ 45 ಡಿಗ್ರಿಗೆ ಕಾಣುವಲ್ಲಿ ನಿಂತರೆ, ದೂರವೇ ಎತ್ತರ. ಕಣ್ಣಿನ ಎತ್ತರವನ್ನಷ್ಟೇ ಕೂಡಿಸಬೇಕು. ಒಂದು ಡಿಗ್ರಿ ತಪ್ಪಿದರೂ ಎರಡು ಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. 30 ಅಥವಾ 60 ಡಿಗ್ರಿಯಲ್ಲಿ ಇನ್ನೂ ಹೆಚ್ಚು. ಆದರೆ ದೊಡ್ಡ ಎಡವಟ್ಟು ಬೇರೆಯದು. ಗೋಪುರ ಎದ್ದಿರುವುದು ಮುಂಗೋಡೆಯ ನೇರಕ್ಕಲ್ಲ, ಕಂಬಸಾಲಿನ ಹಿಂದೆ. ಗೋಡೆಯವರೆಗೆ ಮಾತ್ರ ಟೇಪು ಹಿಡಿದರೆ, 45 ಡಿಗ್ರಿಯಲ್ಲಿ ಆ ಹಿನ್ಸರಿತ ಎಷ್ಟಿದೆಯೋ ಅಷ್ಟೇ ಎತ್ತರ ಕಡಿಮೆ ಬರುತ್ತದೆ. ಹಿನ್ಸರಿತವನ್ನು ನೆಲನಕ್ಷೆಯಿಂದ ತೆಗೆದುಕೊಂಡು ದೂರಕ್ಕೆ ಸೇರಿಸಬೇಕು.

ಈ ಕಟ್ಟಡದ ವಿನ್ಯಾಸಕ್ಕಾಗಿ ನಡೆದ 1852ರ ಸ್ಪರ್ಧೆ ಗೆದ್ದ ವಾಸ್ತುಶಿಲ್ಪಿ ಕತ್‌ಬರ್ಟ್ ಬ್ರಾಡ್ರಿಕ್‌ಗೆ ಆಗ ಮೂವತ್ತರ ಆಸುಪಾಸು. ಮೊದಲು ಒಪ್ಪಿದ ನಕ್ಷೆಯಲ್ಲಿ ಗೋಪುರವೇ ಇರಲಿಲ್ಲ. ಖರ್ಚಿನ ಜಗಳ ಮುಗಿದ ಮೇಲೆ ಸೇರಿತು. ಕಾಗದದ ಮೇಲೆ ಗೋಪುರಕ್ಕೆ ಬೆರಳು ಅಡ್ಡ ಹಿಡಿದು ನೋಡಿ, ಕೆಳಗಿನ ಕಟ್ಟಡ ತನ್ನಷ್ಟಕ್ಕೇ ಪೂರ್ತಿ ಅನ್ನಿಸುತ್ತದೆ. ರಾಣಿ ವಿಕ್ಟೋರಿಯಾ ಉದ್ಘಾಟಿಸಿದ್ದು 1858ರ ಸೆಪ್ಟೆಂಬರಿನಲ್ಲಿ.

ಕೊರಿಂಥಿಯನ್ ಕಂಬದ (ತಲೆಯಲ್ಲಿ ಎಲೆಗಳ ಕೆತ್ತನೆಯಿರುವ ಗ್ರೀಕ್ ಶೈಲಿಯದು) ಸುತ್ತಳತೆಯನ್ನು ಬುಡದ ಉಬ್ಬುಪಟ್ಟಿ ಮುಗಿದ ಮೇಲೆ ಹಿಡಿದು, 3.14ರಿಂದ ಭಾಗಿಸಿದರೆ ವ್ಯಾಸ. ಪಠ್ಯಪುಸ್ತಕದ ಲೆಕ್ಕದಲ್ಲಿ ಎತ್ತರ ಅದರ ಹತ್ತು ಪಟ್ಟು, ಮೇಲ್ತುದಿಯ ವ್ಯಾಸ ಸುಮಾರು ಆರರಲ್ಲಿ ಐದು ಪಾಲು. ಇದು ತಾಳೆ ನೋಡಲಿಕ್ಕೆ ಮಾತ್ರ. ಕಂಬದ ಅಂಚನ್ನು ಸ್ಕೇಲಿನಲ್ಲಿ ನೇರ ಎಳೆಯಬೇಡಿ, ನಡು ಸೊರಗಿದಂತೆ ಕಾಣುತ್ತದೆ. ಕೆಳಗಿನ ಮೂರನೇ ಒಂದು ಪಾಲು ನೇರ, ಆಮೇಲೆ ಮೆಲ್ಲಗೆ ಒಳಗೆ ಬಾಗಿಸಿದರೆ ಸರಿಹೋಗುತ್ತದೆ.

ನೆರಳು ತುಂಬುವಾಗ ಕಲ್ಲಿನ ಜಾತಿ ಗಮನಿಸಿ. ಕಟ್ಟಡ ಮಿಲ್‌ಸ್ಟೋನ್ ಗ್ರಿಟ್‌ನದು, ಬೀಸುಕಲ್ಲಿಗೆ ಬಳಸುತ್ತಿದ್ದ ಒರಟು ಮರಳುಗಲ್ಲು. 1867ರಲ್ಲಿ ಬಂದ ನಾಲ್ಕು ಸಿಂಹಗಳು ಪೋರ್ಟ್‌ಲೆಂಡ್ ಸುಣ್ಣಕಲ್ಲಿನವು. ಕಲ್ಲಿದ್ದಲ ಹೊಗೆಯ ಗಂಧಕಾಮ್ಲ ಸುಣ್ಣಕಲ್ಲನ್ನು ಜಿಪ್ಸಂ ಮಾಡುತ್ತದೆ. ಮಳೆ ತೊಳೆದಲ್ಲಿ ಅದು ಕರಗಿ ಬಿಳಿ, ಮಳೆ ತಾಗದ ಮರೆಯಲ್ಲಿ ಮಸಿ ಹಿಡಿದು ಕಪ್ಪು. ಹಾಗಾಗಿ ಸುಣ್ಣಕಲ್ಲಿನ ಶಿಲ್ಪದಲ್ಲಿ ಕಾಣುವ ಕಪ್ಪೆಲ್ಲ ನೆರಳಲ್ಲ. ಮೋಡದ ದಿನ ಇನ್ನೊಂದು ಫೋಟೊ ತೆಗೆದು ಹೋಲಿಸಿದ ಮೇಲೆಯೇ ಪೆನ್ಸಿಲ್ ಒತ್ತಿ.