ರೀಲಿನ ಅಂಚು ಹಿಡಿದು ಕಲಿತದ್ದು: ನನ್ನ ಆಪರೇಟರ್ ದಿನಗಳು

1986ರಲ್ಲಿ ನಾನು ಒಂದು ಟೂರಿಂಗ್ ಟಾಕೀಸಿಗೆ ಸೇರಿದೆ. ಮೊದಲ ಆರು ತಿಂಗಳು ಪ್ರೊಜೆಕ್ಟರ್ ಮುಟ್ಟಲು ಬಿಡಲಿಲ್ಲ. ನನ್ನ ಕೈಗೆ ಕೊಟ್ಟಿದ್ದು ರಿವೈಂಡರ್, ಅಂದರೆ ರೀಲನ್ನು ಕೈಯಲ್ಲಿ ಸುತ್ತುವ ಸಾಧನ. ಅಲ್ಲಿದ್ದ ಹಿರಿಯ ಆಪರೇಟರನ್ನು ನಾವೆಲ್ಲ ಮಾಮ ಅಂತಿದ್ದೆವು. "ಮೊದ್ಲು ಪ್ರಿಂಟ್ ಹಿಡಿಯೋದು ಕಲಿ, ಮಿಷನ್ ಆಮೇಲೆ" ಅಂದರು. ಪ್ರಿಂಟ್ ಅಂದರೆ ಥಿಯೇಟರಿಗೆ ಬರುವ ಸಿನಿಮಾದ ಫಿಲ್ಮ್ ಪ್ರತಿ.

ಸಿನಿಮಾ ಹಂಚಿಕೆದಾರರಿದ್ದ ಬೆಂಗಳೂರಿನ ಗಾಂಧಿನಗರದಿಂದ ಹೊರಟ ಬಾಕ್ಸ್ ನಮ್ಮ ಟೆಂಟಿಗೆ ಬರುವಷ್ಟರಲ್ಲಿ ಹತ್ತಾರು ಊರು ಸುತ್ತಿರುತ್ತಿತ್ತು. ಬಸ್ಸಿನ ಮೇಲೆ ಹಾಕಿ ತಂದ ಕಬ್ಬಿಣದ ಪೆಟ್ಟಿಗೆ, ಒಳಗೆ ದುಂಡನೆಯ ಡಬ್ಬಗಳು. ಸಾವಿರ ಅಡಿಯ ಒಂದು ರೀಲ್ 11 ನಿಮಿಷ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ ಹದಿಮೂರೂವರೆ ಸಾವಿರ ಅಡಿ. ಅಡಿಗೆ 16 ಫ್ರೇಮು. ಒಂದೊಂದು ಫ್ರೇಮಿಗೂ ಎರಡೂ ಬದಿಯಲ್ಲಿ ನಾಲ್ಕು ನಾಲ್ಕು ತೂತು. ಆ ತೂತಿಗೆ ಸ್ಪ್ರಾಕೆಟ್ಟಿನ ಹಲ್ಲು ಸಿಕ್ಕಿ ಫಿಲ್ಮನ್ನು ಎಳೆಯುತ್ತದೆ. ಪ್ರಿಂಟ್ ಹಾಳಾಗಲು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಹಾಗಾಗಿ ಬಾಕ್ಸ್ ಬಂದ ದಿನ ಶೋಗೆ ಮೊದಲು ಎಲ್ಲ ರೀಲನ್ನೂ ಒಂದು ಸಲ ಕೈಯಲ್ಲಿ ಸುತ್ತುತ್ತಿದ್ದೆ. ಬಲಗೈಯಲ್ಲಿ ಹಿಡಿಕೆ ತಿರುಗಿಸುವುದು. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಮೆತ್ತನೆಯ ಹಳೇ ಬನಿಯನ್ ಬಟ್ಟೆ ಇಟ್ಟು, ಫಿಲ್ಮಿನ ಎರಡು ಅಂಚು ಮಾತ್ರ ಸವರುವ ಹಾಗೆ ಹಿಡಿಯುವುದು. ತೂತು ಹರಿದಿದ್ದರೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಹಳೇ ಜಾಯಿಂಟ್ (ಕಟ್ ಆದ ಫಿಲ್ಮನ್ನು ಅಂಟಿಸಿದ ಜಾಗ) ಬಂದರೆ ಬೆರಳಿಗೆ ದಪ್ಪ ಗೊತ್ತಾಗುತ್ತದೆ. ಅಲ್ಲೇ ನಿಲ್ಲಿಸಿ ಸ್ವಲ್ಪ ಬಗ್ಗಿಸಿ ನೋಡಬೇಕು. ಬಿಟ್ಟುಕೊಳ್ಳುವ ಹಾಗಿದ್ದರೆ ಆಗಲೇ ಹೊಸದಾಗಿ ಹಾಕಬೇಕು. ಶೋ ನಡುವೆ ಕಟ್ ಆದರೆ ಟೆಂಟಿನಲ್ಲಿ ಏಳುವ ಶಿಳ್ಳೆ, ಕೂಗಾಟ ಕೇಳಿದವರಿಗೇ ಗೊತ್ತು.

ಇನ್ನೊಂದು ಮಾತು. ಸಡಿಲವಾಗಿ ಸುತ್ತಿದ ರೀಲನ್ನು ತುದಿ ಹಿಡಿದು ಜಗ್ಗಿ ಬಿಗಿ ಮಾಡಬಾರದು. ತುಂಬಾ ಜನ ಮಾಡುತ್ತಿದ್ದರು. ಸುತ್ತುಗಳ ನಡುವೆ ಕೂತ ಧೂಳು ಫಿಲ್ಮನ್ನು ಗೀಚುತ್ತಾ ಹೋಗುತ್ತದೆ. ಪರದೆ ಮೇಲೆ ಮಳೆ ಸುರಿದ ಹಾಗೆ ಗೆರೆ ಬರುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ. ಬಣ್ಣದ ಪ್ರಿಂಟಿನಲ್ಲಿ ಹಸಿರು ಗೆರೆ ಕಂಡರೆ ಎಮಲ್ಷನ್ನಿಗೇ, ಅಂದರೆ ಚಿತ್ರ ಮೂಡಿರುವ ಪದರಕ್ಕೇ ಪೆಟ್ಟು ಬಿದ್ದಿದೆ ಅಂತ ಅರ್ಥ. ಅದು ಒರೆಸಿದರೆ ಹೋಗುವುದಿಲ್ಲ.

ಜಾಯಿಂಟ್ ಹಾಕುವುದು ನನಗೆ ಇಷ್ಟದ ಕೆಲಸ. ಎಮಲ್ಷನ್ ಯಾವ ಕಡೆ ಅಂತ ಅನುಮಾನ ಬಂದರೆ ಒದ್ದೆ ತುಟಿಗೆ ತಾಗಿಸಿ ನೋಡುತ್ತಿದ್ದೆವು. ಅಂಟಿಕೊಳ್ಳುವ ಕಡೆ ಎಮಲ್ಷನ್. ಅದನ್ನು ಬ್ಲೇಡಿನಿಂದ ತೆಳುವಾಗಿ ಕೆರೆದು, ಫಿಲ್ಮ್ ಸಿಮೆಂಟ್ ಒಂದೇ ಎಳೆಯಲ್ಲಿ ಸವರಿ, ತಕ್ಷಣ ಒತ್ತಿ ಹಿಡಿಯಬೇಕು. ಸಿಮೆಂಟ್ ಜಾಸ್ತಿಯಾದರೆ ಪಕ್ಕದ ಫ್ರೇಮಿಗೆ ಹರಿಯುತ್ತದೆ. ಕತ್ತರಿಸುವುದು ಎರಡು ಫ್ರೇಮಿನ ನಡುವಿನ ಗೆರೆಯಲ್ಲೇ ಆಗಬೇಕು. ಒಂದು ತೂತು ಆಚೀಚೆ ಆದರೂ ಅಲ್ಲಿಂದ ಮುಂದೆ ಚಿತ್ರ ಸರಿದು, ನಾಯಕನ ತಲೆ ಪರದೆಯ ಕೆಳಗೆ, ಕಾಲು ಮೇಲೆ!

ಎಷ್ಟು ಕತ್ತರಿಸಬೇಕು ಅನ್ನುವುದರಲ್ಲಿ ಮಾಮ ಬಹಳ ಕಟ್ಟುನಿಟ್ಟು. ಹಾಳಾಗಿದ್ದು ಒಂದು ಫ್ರೇಮಾದರೆ ಒಂದೇ. ಒಮ್ಮೆ ನಾನು ಅವಸರದಲ್ಲಿ ಒಂದು ಅಡಿ ತೆಗೆದುಬಿಟ್ಟೆ. ಅವರು ಕಸದಿಂದ ಆ ತುಂಡು ಎತ್ತಿ ಬಲ್ಬಿನ ಬೆಳಕಿಗೆ ಹಿಡಿದು ತೋರಿಸಿದರು. ಹದಿನಾರು ಫ್ರೇಮಿನಲ್ಲಿ ಎರಡು ಮಾತ್ರ ಹರಿದಿದ್ದವು. "ಮುಂದಿನ ಊರ್ನೋರು ಇದನ್ನ ಎಲ್ಲಿ ನೋಡ್ಬೇಕು ಹೇಳು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ತುಂಡಿನಲ್ಲಿ ಚೆನ್ನಾಗಿದ್ದ ಹದಿನಾಲ್ಕು ಫ್ರೇಮನ್ನು ನನ್ನ ಕೈಯಲ್ಲೇ ಮತ್ತೆ ಸೇರಿಸಿಸಿದರು.

ಪ್ರೊಜೆಕ್ಟರಿಗೆ ಬಂದ ಮೇಲೆ ಮುಖ್ಯವಾದದ್ದು ಲೂಪ್. ಗೇಟಿನ, ಅಂದರೆ ಬೆಳಕು ಫಿಲ್ಮಿನ ಮೂಲಕ ಹಾಯುವ ಜಾಗದ, ಮೇಲೂ ಕೆಳಗೂ ಫಿಲ್ಮ್ ಸ್ವಲ್ಪ ಬಾಗಿ ನಿಲ್ಲುವಷ್ಟು ಸಡಿಲ ಬಿಡಬೇಕು. ಗೇಟಿನಲ್ಲಿ ಫಿಲ್ಮ್ ಒಂದೊಂದೇ ಫ್ರೇಮ್ ನಿಂತು ನಿಂತು ಹೋಗುತ್ತದೆ, ಸೆಕೆಂಡಿಗೆ 24 ಸಲ. ಉಳಿದ ಕಡೆ ನಿಲ್ಲದೆ ಓಡುತ್ತದೆ. ನಡುವೆ ಆ ಬಾಗು ಇಲ್ಲದಿದ್ದರೆ ತೂತು ಕಿತ್ತುಬರುತ್ತದೆ. ಸೌಂಡ್ ಓದುವ ಜಾಗ ಗೇಟಿಗಿಂತ ಕೆಳಗಿರುವುದರಿಂದ, ಕೆಳಗಿನ ಲೂಪ್ ಅಳತೆ ತಪ್ಪಿದರೆ ತುಟಿಗೂ ಮಾತಿಗೂ ತಾಳೆ ಆಗುವುದಿಲ್ಲ. ಪ್ರತಿ ರೀಲಿಗೂ ಗೇಟ್ ಬಿಚ್ಚಿ ಬ್ರಷ್ ಆಡಿಸುತ್ತಿದ್ದೆ. ಅಲ್ಲಿ ಗಟ್ಟಿಯಾಗಿ ಕೂತ ಎಮಲ್ಷನ್ ಪುಡಿಯನ್ನು ಕೆರೆಯಲು ಬಿದಿರಿನ ಕಡ್ಡಿ. ಕಬ್ಬಿಣ ತಾಗಿಸಿದರೆ ಗೇಟಿನಲ್ಲಿ ಗೀರು ಬೀಳುತ್ತದೆ, ಆಮೇಲೆ ಆ ಗೀರು ಬಂದ ಪ್ರಿಂಟಿನ ಮೇಲೆಲ್ಲ ಬೀಳುತ್ತದೆ.

ಪ್ರೊಜೆಕ್ಟರಿನ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸುತ್ತಿದ್ದ ದಿನಗಳಲ್ಲಿ ಕಣ್ಣು ಅತ್ತಿತ್ತ ಹೋಗುವ ಹಾಗಿರಲಿಲ್ಲ. ಕಡ್ಡಿ ಸವೆದ ಹಾಗೆಲ್ಲ ಮುಂದಕ್ಕೆ ತಳ್ಳಬೇಕು, ಇಲ್ಲದಿದ್ದರೆ ಪರದೆ ಹಳದಿಗೆ ತಿರುಗುತ್ತದೆ. ಒಂದು ರಾತ್ರಿ ಜಾಯಿಂಟ್ ಬಿಟ್ಟು ಫಿಲ್ಮ್ ಗೇಟಿನಲ್ಲೇ ನಿಂತಿತು. ಪರದೆ ಮೇಲೆ ನಾಯಕಿಯ ಕೆನ್ನೆಯಲ್ಲಿ ಕಂದು ಗುಳ್ಳೆ ಎದ್ದು, ನೋಡನೋಡುತ್ತಾ ಹರಡಿತು. ನಾನು ಮೊದಲು ಮೋಟಾರ್ ಆಫ್ ಮಾಡಲು ಹೋದೆ. ಅದು ತಪ್ಪು. ಮೊದಲು ಬೆಳಕಿಗೆ ಅಡ್ಡದ ಮುಚ್ಚಳ ಬೀಳಿಸಬೇಕು, ಆಮೇಲೆ ಮೋಟಾರ್. ಅಸಿಟೇಟ್ ಫಿಲ್ಮ್ ಆಗಿದ್ದರಿಂದ ಕರಗಿತೇ ಹೊರತು ಬೆಂಕಿ ಹಬ್ಬಲಿಲ್ಲ. 1950ರ ದಶಕಕ್ಕೆ ಮುಂಚಿನ ನೈಟ್ರೇಟ್ ಫಿಲ್ಮ್ ಆಗಿದ್ದರೆ ಟೆಂಟೇ ಉಳಿಯುತ್ತಿರಲಿಲ್ಲ.

ಮುಂದೆ ಪಟ್ಟಣದ ಥಿಯೇಟರಿಗೆ ಹೋದೆ. ಎರಡು ಪ್ರೊಜೆಕ್ಟರ್, ಕ್ಸೆನಾನ್ ಲ್ಯಾಂಪ್. ರೀಲ್ ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಚುಕ್ಕೆ ಮಿಂಚಿದರೆ ಎರಡನೇ ಮಿಷನ್ ಸ್ಟಾರ್ಟ್, ಮತ್ತೊಮ್ಮೆ ಮಿಂಚಿದರೆ ಬದಲಾವಣೆ. ಆಮೇಲೆ ಪಾಲಿಯೆಸ್ಟರ್ ಪ್ರಿಂಟ್ ಬಂತು. ಅದಕ್ಕೆ ಸಿಮೆಂಟ್ ಹಿಡಿಯುವುದಿಲ್ಲ, ಟೇಪ್ ಹಾಕುತ್ತಿದ್ದೆವು. ಸಿಕ್ಕಿಕೊಂಡರೆ ಫಿಲ್ಮ್ ಹರಿಯುವುದಿಲ್ಲ, ಮಿಷನ್ನಿನ ಹಲ್ಲು ಬಾಗುತ್ತದೆ. 2012ರ ಹೊತ್ತಿಗೆ ನಮ್ಮಲ್ಲಿ ಡಿಜಿಟಲ್ ಬಂತು, ಬಾಕ್ಸ್ ಬರುವುದು ನಿಂತಿತು.

ಹೋದ ವರ್ಷ ಪರಿಚಯದವರೊಬ್ಬರು ಅಟ್ಟದಲ್ಲಿ ಸಿಕ್ಕಿದ ನಾಲ್ಕು ಡಬ್ಬ ತಂದರು. ಓಡಿಸಿ ನೋಡೋಣ ಅಂದರು. ಮುಚ್ಚಳ ತೆಗೆದ ಕೂಡಲೇ ವಿನಿಗರ್ ವಾಸನೆ. ಅಸಿಟೇಟ್ ಕೆಡಲು ಶುರುವಾದ ಗುರುತು ಅದು. ಫಿಲ್ಮ್ ಕುಗ್ಗಿರುತ್ತದೆ, ತೂತು ಹಲ್ಲಿಗೆ ಕೂರುವುದಿಲ್ಲ, ಮಿಷನ್ನಿಗೆ ಹಾಕಿದರೆ ಸೀಳುತ್ತದೆ. ಓಡಿಸುವುದು ಬೇಡ ಅಂದೆ. ವಾಸನೆ ಇಲ್ಲದ ಒಂದು ಡಬ್ಬವನ್ನು ಬೇರೆ ಇಟ್ಟೆವು, ಜೊತೆಗಿದ್ದರೆ ಅದೂ ಬೇಗ ಕೆಡುತ್ತದೆ. ಉಳಿದ ಮೂರನ್ನು ಅಟ್ಟಕ್ಕೆ ವಾಪಸ್ ಹಾಕದೆ, ತಂಪಾದ ಒಣ ಕೋಣೆಯಲ್ಲಿ ಮಲಗಿಸಿ ಇಡಿಸಿದೆ. ಪುಣೆಯ ಫಿಲ್ಮ್ ಆರ್ಕೈವಿಗೆ ಬರೆಯಲು ಹೇಳಿದ್ದೇನೆ. ಪತ್ರದಲ್ಲಿ ಹಾಕಲು ಬೇಕು ಅಂತ, ಒಂದೊಂದು ರೀಲಿನ ಮೊದಲ ಕೆಲವು ಅಡಿಯನ್ನು ಅಂಚು ಹಿಡಿದು ಬಿಚ್ಚಿ, ಲೀಡರ್ (ಚಿತ್ರಕ್ಕೆ ಮೊದಲು ಬರುವ ಫಿಲ್ಮ್ ಪಟ್ಟಿ) ಮೇಲೆ ಬರೆದಿದ್ದ ರೀಲ್ ನಂಬರ್ ಗುರುತು ಮಾಡಿಕೊಟ್ಟೆ.